ದೊಡ್ಡ ಕಂಪನಿಯ ಜೊತೆ ವಿಲೀನವೋ, ನಮ್ಮಷ್ಟಕ್ಕೆ ನಾವೇ ಬೆಳೆಯುವುದೋ?

ಪ್ರಶ್ನೆ: ನಮ್ಮದು ಲೋಹದ ಬಿಡಿಭಾಗ ತಯಾರಿಸುವ ಸಣ್ಣ ಕಂಪನಿ. ನಾನು, ನನ್ನ ತಮ್ಮ ಸೇರಿ ಶುರು ಮಾಡಿದ್ದು. ಈಗ 45 ಜನ ಕೆಲಸಗಾರರಿದ್ದಾರೆ. ವಹಿವಾಟಿನಲ್ಲಿ ಶೇ. 55 ಒಬ್ಬನೇ ಗ್ರಾಹಕನಿಂದ. ಬರುವ ವರ್ಷ ಶೇ. 30ರಷ್ಟು ಬೆಳೆಯುವಷ್ಟು ಆರ್ಡರ್ ಇದೆ. ಆದರೆ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ, ಯಂತ್ರಗಳೂ ಸಾಲುತ್ತಿಲ್ಲ. ನಮ್ಮದೇ ಕೆಲಸ ಮಾಡುವ, ವಹಿವಾಟಿನಲ್ಲಿ ನಮ್ಮ ಎರಡೂವರೆ ಪಟ್ಟು ಇರುವ ಕಂಪನಿಯೊಂದು ‘ಸಮಾನರಾಗಿ ಒಂದಾಗೋಣ’ ಎನ್ನುತ್ತಿದೆ. ಹೊಸ ಕಂಪನಿಯಲ್ಲಿ ನಮ್ಮಿಬ್ಬರಿಗೂ ಸೇರಿ ಶೇ. 30 ಷೇರು, ನನಗೆ ನಿರ್ದೇಶಕ ಸ್ಥಾನ. ಅದು ಬೇಡವೆಂದರೆ ಸಾಲ ಮಾಡಿ ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರ ಹಾಕಬೇಕು. ತಮ್ಮನಿಗೆ ವಿಲೀನದ ಕಡೆ ಒಲವು. ನನಗೆ 52 ವರ್ಷ. ಏನು ಮಾಡಲಿ? ಎರಡೂ ಕಂಪನಿಗಳ ಲೆಕ್ಕಪತ್ರದ ಸಾರ, ಯಂತ್ರದ ಕೊಟೇಶನ್ ಮತ್ತು ಅವರು ಕಳಿಸಿದ ಕರಡು ಪತ್ರವನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನೇರವಾಗಿ ಹೇಳುತ್ತೇನೆ. ಅವರು ಇಟ್ಟಿರುವ ಷರತ್ತಿನಲ್ಲಿ ವಿಲೀನ ಬೇಡ. ಹಾಗಂತ ಎರಡು ಯಂತ್ರದ ಸಾಲಕ್ಕೆ ಈ ವಾರವೇ ಬ್ಯಾಂಕಿಗೆ ಓಡುವುದೂ ಬೇಡ. ನಿಮ್ಮ ಲೆಕ್ಕಪತ್ರ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ನಿಮಗೆ ಕೊರತೆ ಇರುವುದು ದುಡ್ಡಿಗೆ. ಆ ದುಡ್ಡು ನಿಮ್ಮದೇ ಸ್ಟೋರಿನಲ್ಲಿ, ಗ್ರಾಹಕರ ಬಾಕಿಯಲ್ಲಿ ಸಿಕ್ಕಿಕೊಂಡಿದೆ. ವಿಲೀನವಾದರೆ ಈ ತೊಂದರೆ ಹೋಗುವುದಿಲ್ಲ, ನಿಮ್ಮ ಜೊತೆಗೇ ಹೊಸ ಕಂಪನಿಗೆ ಬರುತ್ತದೆ. ಅಲ್ಲಿ ಅದನ್ನು ಸರಿಮಾಡುವ ಅಧಿಕಾರ ನಿಮ್ಮ ಕೈಯಲ್ಲಿ ಇರುವುದಿಲ್ಲ, ಅಷ್ಟೇ.

ವಿಲೀನವೋ ಸ್ವಂತವೋ ಎಂದು ಕೇಳುವವರನ್ನು ನಾನು ಮೊದಲು ಕೇಳುವುದು ಒಂದೇ: ಈಗ ನಿಮ್ಮನ್ನು ತಡೆದು ನಿಲ್ಲಿಸಿರುವುದು ಯಾವುದು? ಆರ್ಡರ್ ಇಲ್ಲವೋ, ಯಂತ್ರ ಇಲ್ಲವೋ, ದುಡ್ಡು ಇಲ್ಲವೋ, ಕೆಲಸ ಬಲ್ಲವರು ಇಲ್ಲವೋ, ಅಥವಾ ನಿಮ್ಮ ನಂತರ ನೋಡಿಕೊಳ್ಳುವವರು ಇಲ್ಲವೋ? ಇವುಗಳಲ್ಲಿ ಒಂದೆರಡಕ್ಕೆ ಮಾತ್ರ ವಿಲೀನ ಮದ್ದು. ಉಳಿದವಕ್ಕೆ ಅದು ದುಬಾರಿ ದಾರಿ.

ನಿಮ್ಮ ಲೆಕ್ಕವನ್ನೇ ನೋಡೋಣ. ವರ್ಷದ ವಹಿವಾಟು 100 ಎಂದಿಟ್ಟುಕೊಳ್ಳಿ. ಕಚ್ಚಾ ಮಾಲಿಗೆ 50 ಹೋಗುತ್ತದೆ. ಟೂಲು, ಕರೆಂಟು, ಜಾಬ್ ವರ್ಕ್ (ಹೊರಗಿನವರಿಂದ ಕೂಲಿಗೆ ಮಾಡಿಸುವ ಕೆಲಸ), ಸಾಗಣೆಗೆ 8. ಸಂಬಳ ಮತ್ತು ಇತರ ಸ್ಥಿರ ಖರ್ಚು 28. ಉಳಿಯುವುದು 14. ಅದರಲ್ಲಿ ಬಡ್ಡಿಗೆ 1, ತೆರಿಗೆಗೆ 3, ಹಳೆ ಯಂತ್ರಗಳ ದುರಸ್ತಿ ಮತ್ತು ಬದಲಾವಣೆಗೆ 3 ಹೋದರೆ ಕೊನೆಗೆ ಕೈಗೆ ಬರುವುದು 7. ಸಣ್ಣ ತಯಾರಿಕಾ ಕಂಪನಿಗೆ ಇದು ಕೆಟ್ಟ ಫಲಿತಾಂಶ ಅಲ್ಲವೇ ಅಲ್ಲ.

ಈಗ ದುಡ್ಡು ಎಷ್ಟು ದಿನ ಎಲ್ಲಿ ಕೂತಿರುತ್ತದೆ ನೋಡಿ. ಕಚ್ಚಾ ಮಾಲು 45 ದಿನ ಸ್ಟೋರಿನಲ್ಲಿ. ಅರ್ಧ ಕೆಲಸವಾದದ್ದು ಮತ್ತು ತಯಾರಾದ ಮಾಲು ಸೇರಿ ಇನ್ನೊಂದು 25 ದಿನ. ಗ್ರಾಹಕ ದುಡ್ಡು ಕೊಡುವುದು 90 ದಿನಕ್ಕೆ. ಮಾಲು ಕೊಟ್ಟವನು ನಿಮಗೆ ಕೊಡುವ ಗಡುವು 30 ದಿನ ಮಾತ್ರ. ಇದನ್ನು ಹಣಕ್ಕೆ ತಿರುಗಿಸಿದರೆ ಸ್ಟೋರಿನಲ್ಲಿ ಸುಮಾರು 6, ಶಾಪ್ ಫ್ಲೋರ್‌ನಲ್ಲಿ 5, ಗ್ರಾಹಕರ ಬಳಿ ನಿಮ್ಮ ಖರ್ಚಿನ ಲೆಕ್ಕದಲ್ಲೇ 21. ಮಾಲು ಕೊಟ್ಟವನ ಬಾಕಿ 4 ಕಳೆಯಿರಿ. ಒಟ್ಟು 28. ಅಂದರೆ 100ರ ವ್ಯಾಪಾರ ನಡೆಸಲು 28 ಯಾವಾಗಲೂ ಸಿಕ್ಕಿಕೊಂಡೇ ಇರುತ್ತದೆ.

ವ್ಯಾಪಾರ ಶೇ. 30 ಬೆಳೆದರೆ ಈ 28ಕ್ಕೆ ಇನ್ನೂ 8ಕ್ಕಿಂತ ಜಾಸ್ತಿ ಸೇರಬೇಕು. ನಿಮ್ಮ ಕೈಗೆ ಬರುವುದು 7. ಯಂತ್ರದ ಮಾತು ಬಿಡಿ, ಬರೀ ಮಾಲು ಮತ್ತು ಬಾಕಿಗೇ ಅದು ಸಾಲದು. ಆರ್ಡರ್ ಬಂದಷ್ಟೂ ಕೈ ಖಾಲಿಯಾಗುತ್ತಿರುವುದಕ್ಕೆ ಇದೇ ಕಾರಣ. ಲಾಭ ಇದ್ದೂ ದುಡ್ಡಿಲ್ಲದೆ ಮುಳುಗಿದ ಕಂಪನಿಗಳು ಬಹಳ. ನೀವು ಆ ಅಂಚಿಗೆ ಬಂದಿಲ್ಲ, ಆದರೆ ದಾರಿ ಅದೇ.

ಈಗ ಎರಡು ಸಂಖ್ಯೆ ಬದಲಿಸಿ. ಗ್ರಾಹಕನ 90 ದಿನ 60ಕ್ಕೆ ಇಳಿಯಲಿ. ಕಚ್ಚಾ ಮಾಲಿನ 45 ದಿನ 30ಕ್ಕೆ ಇಳಿಯಲಿ. ಮೊದಲನೆಯದರಿಂದ 7, ಎರಡನೆಯದರಿಂದ 2 ಬಿಡುಗಡೆಯಾಗುತ್ತದೆ. ಒಟ್ಟು 9 ನಿಮ್ಮ ಕೈಗೇ ವಾಪಸ್. ಅಷ್ಟೇ ಅಲ್ಲ, ಮುಂದೆ ಶೇ. 30 ಬೆಳೆಯಲು ಬೇಕಾಗುವ ಹೊಸ ಬಂಡವಾಳವೂ 8ರಿಂದ 6ರ ಒಳಗೆ ಬರುತ್ತದೆ. ಯಾರಿಗೂ ಒಂದು ಷೇರು ಕೊಡದೆ, ಹೊಸ ಸಾಲ ಮಾಡದೆ ಆಗುವ ಕೆಲಸ ಇದು.

‘ಗ್ರಾಹಕ 60 ದಿನಕ್ಕೆ ಒಪ್ಪಬೇಕಲ್ಲ’ ಅನ್ನುತ್ತೀರಿ. ಸರಿ. ಆದರೆ ಮೊದಲು ನಿಮ್ಮ ಕಳೆದ 6 ತಿಂಗಳ ಬಿಲ್ಲುಗಳನ್ನು ತೆಗೆದು ಕೂತುಕೊಳ್ಳಿ. ಆ 90 ದಿನ ಶುರುವಾಗುವುದು ಯಾವತ್ತು ನೋಡಿ. ಬಹುತೇಕ ದೊಡ್ಡ ಕಂಪನಿಗಳಲ್ಲಿ ಲೆಕ್ಕ ಶುರುವಾಗುವುದು ನಿಮ್ಮ ಬಿಲ್ಲಿನ ದಿನದಿಂದಲ್ಲ, ಅವರ ಗೋದಾಮು ಮಾಲು ಒಪ್ಪಿಕೊಂಡು ಜಿಆರ್‌ಎನ್ (ಮಾಲು ಬಂತೆಂಬ ಚೀಟಿ) ಹಾಕಿದ ದಿನದಿಂದ. ತಪಾಸಣೆ ವರದಿ ಜೊತೆಗಿಲ್ಲ, ಪರ್ಚೇಸ್ ಆರ್ಡರಿನ ನಂಬರ್ ತಪ್ಪಿದೆ, ದರದಲ್ಲಿ ಪುಡಿಗಾಸಿನ ವ್ಯತ್ಯಾಸ ಇದೆ ಎಂದು ಮಾಲು ಅಲ್ಲೇ ಕೂತಿರುತ್ತದೆ. ನಿಮ್ಮ ಕಡೆ ಯಾರೂ ಫೋನ್ ಮಾಡಿರುವುದಿಲ್ಲ. ಮೂರನೇ ವಾರ ಯಾರಿಗೋ ನೆನಪಾಗುತ್ತದೆ. ಮಾಲಿನ ಜೊತೆ ಹೋಗುವ ಕಾಗದ ಸರಿಯಾಗಿದ್ದರೆ ಸಾಕು, ಗ್ರಾಹಕನ ಜೊತೆ ಮಾತೇ ಆಡದೆ ಕೆಲವು ದಿನ ಉಳಿಯುತ್ತದೆ.

ಉಳಿದದ್ದಕ್ಕೆ ಮಾತು ಆಡಲೇಬೇಕು. 30 ದಿನ ಮುಂಚೆ ಕೊಟ್ಟರೆ ಶೇ. 1 ರಿಯಾಯಿತಿ ಎಂದರೆ ಅದು ವರ್ಷಕ್ಕೆ ಶೇ. 12ರ ಬಡ್ಡಿಗೆ ಸಮ. ನಿಮ್ಮ ಬ್ಯಾಂಕಿನ ಬಡ್ಡಿ ಅದಕ್ಕಿಂತ ಕಡಿಮೆಯಿದ್ದರೆ ರಿಯಾಯಿತಿ ಬೇಡ, ಬಿಲ್ ಡಿಸ್ಕೌಂಟಿಂಗ್ (ಬಾಕಿ ಬಿಲ್ಲಿನ ಮೇಲೆ ಬ್ಯಾಂಕಿನಿಂದ ಮುಂಗಡ ಪಡೆಯುವುದು) ನೋಡಿ. ಇನ್ನೊಂದು ವಿಷಯ. 60 ದಿನ ಕೇಳುವುದು ಭಿಕ್ಷೆ ಅಲ್ಲ. ಯೂರೋಪ್ ಒಕ್ಕೂಟದ 2011ರ ನಿರ್ದೇಶನದಲ್ಲಿ ಕಂಪನಿಗಳ ನಡುವಿನ ಪಾವತಿಗೆ ಇರುವ ಸಾಮಾನ್ಯ ಮಿತಿಯೇ 60 ದಿನ. ಭಾರತದ 2006ರ ಸಣ್ಣ ಉದ್ಯಮಗಳ ಕಾಯ್ದೆ 45 ದಿನ ದಾಟಬಾರದು ಎನ್ನುತ್ತದೆ. ಕಾನೂನು ಹಿಡಿದು ಗ್ರಾಹಕನ ಮೇಲೆ ಹೋಗಿ ಎನ್ನುತ್ತಿಲ್ಲ. ನಿಮ್ಮ ಬೇಡಿಕೆ ಜಗತ್ತಿನಲ್ಲಿ ಇಲ್ಲದ್ದೇನೂ ಅಲ್ಲ ಎಂದು ತಿಳಿದು ಕೂತರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಯಂತ್ರದ ವಿಷಯ. ‘ಸಾಲುತ್ತಿಲ್ಲ’ ಎನ್ನುವ ಯಂತ್ರ ದಿನದಲ್ಲಿ ನಿಜಕ್ಕೂ ಲೋಹ ಕತ್ತರಿಸುವುದು ಎಷ್ಟು ಗಂಟೆ? ಎರಡು ವಾರ ಒಂದು ಹಾಳೆ ಅಂಟಿಸಿ, ಯಂತ್ರ ನಿಂತಾಗಲೆಲ್ಲ ಕಾರಣ ಬರೆಸಿ. ಸೆಟ್ಟಿಂಗ್ ಬದಲಾವಣೆ, ಟೂಲ್ ಹುಡುಕಾಟ, ಮೊದಲ ಪೀಸ್ ಪಾಸಾಗಲಿ ಎಂದು ಕಾಯುವುದು, ಹೀಗೆ. ಟೊಯೋಟಾದಲ್ಲಿ 1,000 ಟನ್ನಿನ ಪ್ರೆಸ್ಸಿಗೆ ಅಚ್ಚು ಬದಲಿಸಲು 4 ಗಂಟೆ ಹಿಡಿಯುತ್ತಿತ್ತು. 1969ರ ಸುಮಾರಿಗೆ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಅದನ್ನು ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ತಂದರು. ಅವರ ಉಪಾಯ ಸರಳ. ಯಂತ್ರ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸವನ್ನು ಯಂತ್ರ ನಿಲ್ಲಿಸಿ ಮಾಡಬಾರದು. ನಿಮ್ಮಲ್ಲಿ 3 ನಿಮಿಷ ಬೇಕಿಲ್ಲ. ಸೆಟ್ಟಿಂಗ್ ಹೊತ್ತು ಅರ್ಧ ಆದರೂ ಎರಡು ಹೊಸ ಯಂತ್ರಗಳಲ್ಲಿ ಒಂದು ಬೇಡವಾಗಬಹುದು.

ಆ ಒಂದು ಯಂತ್ರ ಬೇಕಾ ಬೇಡವಾ ಎನ್ನುವುದು ಸಣ್ಣ ಮಾತಲ್ಲ. ನಿಮ್ಮ ನಿಜವಾದ ಅಪಾಯ ಆ ಶೇ. 55ರ ಗ್ರಾಹಕ. ಅವನು ಆರ್ಡರನ್ನು ಕಾಲು ಭಾಗ ಇಳಿಸಿದ ಎಂದುಕೊಳ್ಳಿ. ವಹಿವಾಟು ಸುಮಾರು 14 ಇಳಿಯುತ್ತದೆ. ಮಾಲು ಮತ್ತು ಬದಲಾಗುವ ಖರ್ಚು ಕಳೆದರೆ ನಿಮಗೆ 100ಕ್ಕೆ 42 ಉಳಿಯುತ್ತಿತ್ತು, ಹಾಗಾಗಿ ಲಾಭದಲ್ಲಿ 6 ಹೋಗುತ್ತದೆ. 14 ಇದ್ದದ್ದು 8. ಬಡ್ಡಿ, ದುರಸ್ತಿ, ಕಡಿಮೆಯಾದ ತೆರಿಗೆ ಕಳೆದು ಕೈಗೆ 3 ಬರಬಹುದು. ನೀವು ಕೊಟ್ಟ ಕೊಟೇಶನ್ ಪ್ರಕಾರ ಒಂದು ಯಂತ್ರದ ಸಾಲದ ಕಂತು ವರ್ಷಕ್ಕೆ ಸುಮಾರು 2. ಎರಡಕ್ಕೆ 4. ಒಂದು ಯಂತ್ರ ಹಾಕಿದರೆ ಕೆಟ್ಟ ವರ್ಷವನ್ನೂ ದಾಟುತ್ತೀರಿ. ಎರಡು ಹಾಕಿದರೆ ಬ್ಯಾಂಕಿನವರ ಮುಂದೆ ಕೈಕಟ್ಟಿ ನಿಲ್ಲುತ್ತೀರಿ. ಆಗ ಇದೇ ಕಂಪನಿ ಮತ್ತೆ ಬಂದರೆ ಶೇ. 30 ಅಲ್ಲ, 15 ಕೊಡುತ್ತದೆ. ಸ್ವಂತವಾಗಿ ಬೆಳೆಯುತ್ತೇವೆ ಎಂಬ ಹುಮ್ಮಸ್ಸಿನಲ್ಲಿ ಈ ಲೆಕ್ಕ ಮಾಡದವರನ್ನು ಕೊನೆಗೆ ಕೊಳ್ಳುವವರು ಅಗ್ಗಕ್ಕೆ ಕೊಳ್ಳುತ್ತಾರೆ.

ಇನ್ನು ವಿಲೀನದಿಂದ ಏನು ಸಿಗುತ್ತದೆ ನೋಡೋಣ. ‘ದೊಡ್ಡದಾದರೆ ಖರ್ಚು ಇಳಿಯುತ್ತದೆ’ ಎಂದು ಅವರ ಪತ್ರದಲ್ಲಿ ಮೂರು ಕಡೆ ಬರೆದಿದ್ದಾರೆ. ಎಲ್ಲಿ ಇಳಿಯುತ್ತದೆ ಎಂದು ಒಂದು ಕಡೆಯೂ ಇಲ್ಲ. ಖರೀದಿಯಲ್ಲಿ ಇಳಿಯಬಹುದು, ಒಪ್ಪುತ್ತೇನೆ. ನಿಮ್ಮ ಕಚ್ಚಾ ಮಾಲಿನ 50ರಲ್ಲಿ ಶೇ. 2 ಉಳಿದರೆ 1 ಸಿಕ್ಕಿತು. ಒಳ್ಳೆಯದೇ. ಆದರೆ ಜಂಟಿಯಾಗಿ ಖರೀದಿ ಮಾಡಿದರೂ ಅದೇ 1 ಸಿಗುತ್ತದಲ್ವಾ? ಅದಕ್ಕೆ ಕಂಪನಿ ಬಿಟ್ಟುಕೊಡಬೇಕಿಲ್ಲ.

ತಯಾರಿಕೆಯಲ್ಲಿ ಉಳಿತಾಯ ಎನ್ನುವುದು ಇನ್ನೂ ಸೂಕ್ಷ್ಮ. 1936ರಲ್ಲಿ ಟಿ. ಪಿ. ರೈಟ್ ಎಂಬ ಎಂಜಿನಿಯರ್ ವಿಮಾನ ತಯಾರಿಕೆಯ ಲೆಕ್ಕ ನೋಡಿ ಒಂದು ಮಾತು ಹೇಳಿದ್ದರು. ಈವರೆಗೆ ಮಾಡಿದ ಒಟ್ಟು ವಿಮಾನಗಳ ಸಂಖ್ಯೆ ಎರಡು ಪಟ್ಟಾದಾಗೆಲ್ಲ ಪ್ರತಿ ವಿಮಾನಕ್ಕೆ ಬೇಕಾಗುವ ಕೆಲಸ ಸುಮಾರು ಶೇ. 20 ಇಳಿಯುತ್ತದೆ. ಇದನ್ನು ಎಲ್ಲ ವಿಲೀನಗಳಿಗೂ ಅನ್ವಯಿಸಿ ಮಾತಾಡುತ್ತಾರೆ. ಆದರೆ ರೈಟ್ ನೋಡಿದ್ದು ಒಂದೇ ವಸ್ತುವನ್ನು ಮತ್ತೆ ಮತ್ತೆ ಮಾಡಿದಾಗ ಬರುವ ಕೈಚಳಕವನ್ನು. ನೀವು ಮಾಡುವುದು ಬುಷ್ ಮತ್ತು ಶಾಫ್ಟ್. ಅವರು ಮಾಡುವುದು ಹೌಸಿಂಗ್ ಮತ್ತು ಬ್ರ್ಯಾಕೆಟ್. ಎರಡೂ ಕಂಪನಿ ಒಂದು ಬೋರ್ಡಿನ ಕೆಳಗೆ ಬಂದರೆ ನಿಮ್ಮ ಶಾಫ್ಟಿನ ಸಂಖ್ಯೆ ಒಂದೂ ಹೆಚ್ಚುವುದಿಲ್ಲ. ಖರ್ಚು ಯಾಕೆ ಇಳಿಯಬೇಕು?

ಹೆಚ್ಚುವುದು ಗೊಂದಲ. ನಾನು ಹತ್ತಿರದಿಂದ ನೋಡಿದ ಒಂದು ವಿಲೀನದಲ್ಲಿ ತಕರಾರು ಶುರುವಾದದ್ದೇ ಒಂದು ಬುಷ್‌ನಿಂದ. ಒಂದು ಘಟಕದಲ್ಲಿ ವರ್ಷಗಟ್ಟಲೆ ಸರಿಯಾಗಿ ಬರುತ್ತಿದ್ದ ಭಾಗ ಅದು. ಹೊರೆ ಹಂಚಿಕೊಳ್ಳಲು ಡ್ರಾಯಿಂಗ್ ಮತ್ತು ಪ್ರೋಗ್ರಾಮನ್ನು ಇನ್ನೊಂದು ಘಟಕಕ್ಕೆ ಕಳಿಸಿದರು. ಅಲ್ಲಿನವರು ಡ್ರಾಯಿಂಗ್‌ನಲ್ಲಿ ಇದ್ದ ಅಳತೆಗೆ ಸರಿಯಾಗಿಯೇ ಕತ್ತರಿಸಿದರು. ಪ್ಲೇಟಿಂಗ್ ಆಗಿ ಬಂದ ಮೇಲೆ ಪಿನ್ ಒಳಗೇ ಹೋಗಲಿಲ್ಲ. ಪ್ಲೇಟಿಂಗ್ ಪದರ ಒಂದೊಂದು ಬದಿಗೆ 10 ಮೈಕ್ರಾನ್, ಒಳವ್ಯಾಸದಲ್ಲಿ 20 ಮೈಕ್ರಾನ್ ಕಡಿಮೆ. ಹಳೆ ಘಟಕದ ಆಪರೇಟರ್ ಅದಕ್ಕೆ ಆಫ್‌ಸೆಟ್ ಕೊಟ್ಟು ಮೊದಲೇ ಅಷ್ಟು ದೊಡ್ಡದಾಗಿ ಕತ್ತರಿಸುತ್ತಿದ್ದರು. ಅದು ರೂಟ್ ಕಾರ್ಡಿನಲ್ಲಿ (ಕೆಲಸದ ಹಂತಗಳನ್ನು ಬರೆದಿಡುವ ಹಾಳೆ) ಇರಲಿಲ್ಲ, ಅವರ ಜೇಬಿನ ಪುಟ್ಟ ಪುಸ್ತಕದಲ್ಲಿತ್ತು. ಆ ಹೊತ್ತಿಗೆ ಅವರು ಕೆಲಸ ಬಿಟ್ಟಿದ್ದರು. ಬಿಡಲು ಕಾರಣ ಸಂಬಳವೂ ಅಲ್ಲ. ಹೊಸ ಸೂಪರ್‌ವೈಸರ್ ಶಿಫ್ಟ್ ಬದಲಿಸಿದ್ದು.

ಇಂಥದ್ದು ಯಾವ ವಿಲೀನ ಪತ್ರದಲ್ಲೂ ಇರುವುದಿಲ್ಲ. ಸಣ್ಣ ತಯಾರಿಕಾ ಕಂಪನಿಯ ಆಸ್ತಿ ಎಂದರೆ ಅರ್ಧದಷ್ಟು ಕೆಲವೇ ಜನರ ಕೈ ಮತ್ತು ತಲೆಯಲ್ಲಿ ಇರುತ್ತದೆ. ನಿಮ್ಮ 45 ಜನರಲ್ಲಿ ಅಂಥವರು ಯಾರು? ಐದಾರು ಹೆಸರು ಬರೆಯಿರಿ. ವಿಲೀನವೋ ಅಲ್ಲವೋ, ಅವರಿಗೆ ಗೊತ್ತಿರುವುದನ್ನು ರೂಟ್ ಕಾರ್ಡಿಗೆ ತರಿಸುವ ಕೆಲಸ ಈಗಲೇ ಶುರುವಾಗಲಿ.

ಈಗ ಷೇರಿನ ಮಾತು. ‘ಒಟ್ಟು ವಹಿವಾಟಿನಲ್ಲಿ ನಮ್ಮದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಶೇ. 30 ಕೊಡುತ್ತಾರೆ, ನ್ಯಾಯವೇ ಅಲ್ವಾ’ ಎಂದು ನಿಮ್ಮ ತಮ್ಮ ಹೇಳಿರಬಹುದು. ವಹಿವಾಟು ನೋಡಿದರೆ ಹೌದು. ಒಟ್ಟು 350ರಲ್ಲಿ ನಿಮ್ಮದು 100, ಅಂದರೆ ಶೇ. 28.6. ಅದಕ್ಕೆ 30 ಉದಾರವಾಗಿ ಕಾಣುತ್ತದೆ. ಆದರೆ ಕಂಪನಿಗೆ ಬೆಲೆ ಕಟ್ಟುವುದು ವಹಿವಾಟಿಗಲ್ಲ, ಲಾಭಕ್ಕೆ. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲು ನಿಮ್ಮ ಲಾಭ 14. ಅವರದು 250ಕ್ಕೆ ಶೇ. 7, ಅಂದರೆ 17.5. ಎರಡಕ್ಕೂ ಐದು ಪಟ್ಟು ಬೆಲೆ ಹಿಡಿದರೆ ನಿಮ್ಮದು 70, ಅವರದು 87.5. ಸಾಲ ಕಳೆಯಿರಿ. ನಿಮ್ಮ ಸಾಲ 10, ಅವರದು 40. ಉಳಿಯುವುದು ನಿಮಗೆ 60, ಅವರಿಗೆ 47.5. ಈ ಲೆಕ್ಕದಲ್ಲಿ ಹೊಸ ಕಂಪನಿಯಲ್ಲಿ ನಿಮ್ಮ ಪಾಲು ಶೇ. 56!

ಅಷ್ಟು ಕೇಳಿ ಎನ್ನುತ್ತಿಲ್ಲ. ಅವರ ಕಡೆಯಿಂದಲೂ ನ್ಯಾಯವಾದ ಮಾತಿದೆ. ನೀವಿಬ್ಬರೂ ತೆಗೆದುಕೊಳ್ಳುತ್ತಿರುವ ಸಂಬಳ ಬಹಳ ಕಡಿಮೆ. ನಿಮ್ಮ ಜಾಗದಲ್ಲಿ ಹೊರಗಿನ ಮ್ಯಾನೇಜರ್ ಇದ್ದಿದ್ದರೆ ಲಾಭ 14 ಅಲ್ಲ, 11 ಇರುತ್ತಿತ್ತು. ಒಬ್ಬನೇ ಗ್ರಾಹಕನ ಮೇಲೆ ನಿಂತ ಕಂಪನಿಗೆ ಐದು ಪಟ್ಟು ಕೊಡುವುದಿಲ್ಲ, ನಾಲ್ಕು ಕೊಡುತ್ತಾರೆ. ಹಾಗೆ ನೋಡಿದರೆ ನಿಮ್ಮದು 44, ಸಾಲ ಕಳೆದು 34. ಅವರ 47.5ರ ಎದುರು ನಿಮ್ಮ ಪಾಲು ಶೇ. 42 ಆಗುತ್ತದೆ. ಅಂದರೆ ಅವರ ಪರವಾಗಿ ಎಳೆದು ಲೆಕ್ಕ ಹಾಕಿದರೂ 30 ಎಲ್ಲೂ ಬರುವುದಿಲ್ಲ. ಅವರಿಗೂ ಈ ಲೆಕ್ಕ ಗೊತ್ತು. ಅವರ 40ರ ಸಾಲ ನೋಡಿದರೆ ಅವರಿಗೆ ನೀವು ಯಾಕೆ ಬೇಕು ಎನ್ನುವುದೂ ಗೊತ್ತಾಗುತ್ತದೆ. ನಿಮ್ಮ ಲಾಭ ಅವರ ಬ್ಯಾಂಕಿಗೆ ಚೆನ್ನಾಗಿ ಕಾಣುತ್ತದೆ.

ಪಾಲಿಗಿಂತ ಮುಖ್ಯವಾದದ್ದು ಓಟು. ವಿಲೀನವನ್ನು ಮದುವೆಗೆ ಹೋಲಿಸುವುದು ವಾಡಿಕೆ. ನನಗೆ ಆ ಹೋಲಿಕೆ ಅಷ್ಟಾಗಿ ಹಿಡಿಸುವುದಿಲ್ಲ. ಮದುವೆಯಲ್ಲಿ ಒಬ್ಬರಿಗೆ ಶೇ. 70 ಓಟು ಇರುವುದಿಲ್ಲ. ಬ್ರಿಟನ್, ಜರ್ಮನಿ, ಭಾರತ ಹೀಗೆ ಹಲವು ದೇಶಗಳಲ್ಲಿ ಕಂಪನಿಯ ಮೂಲ ನಿಯಮ ಬದಲಿಸುವಂಥ ನಿರ್ಣಯಕ್ಕೆ ಮುಕ್ಕಾಲು ಭಾಗ ಓಟು ಬೇಕು. ಹಾಗಾಗಿ ಶೇ. 25ಕ್ಕಿಂತ ಜಾಸ್ತಿ ಇದ್ದವರು ಅದನ್ನು ತಡೆಯಬಹುದು. ನಿಮ್ಮ 30ಕ್ಕೆ ಇರುವ ಬಲ ಅಷ್ಟೇ. ನಿರ್ದೇಶಕರು ಯಾರು, ಲಾಭ ಹಂಚಬೇಕೇ ಬೇಡವೇ, ನಿಮ್ಮ ಸಂಬಳ ಎಷ್ಟು, ಇವೆಲ್ಲ ಬಹುಮತದ ಕೈಯಲ್ಲಿ. ನಾಳೆ ಬಂಡವಾಳ ಬೇಕೆಂದು ಈಗಿರುವ 100 ಷೇರಿಗೆ ಇನ್ನೂ 25 ಸೇರಿಸಿದರು, ನಿಮ್ಮ ಬಳಿ ಕೊಳ್ಳಲು ದುಡ್ಡಿಲ್ಲ ಎಂದುಕೊಳ್ಳಿ. ನಿಮ್ಮ 30 ಅಲ್ಲಿಗೆ 24 ಆಯಿತು. ತಡೆಯುವ ಬಲವೂ ಹೋಯಿತು. ಇನ್ನೂ ಒಂದಿದೆ. ಆ 30 ನಿಮ್ಮಿಬ್ಬರದು, 15 ಮತ್ತು 15. ಒಂದು ವಿಷಯದಲ್ಲಿ ತಮ್ಮ ಅವರ ಕಡೆ ಕೈ ಎತ್ತಿದರೆ ನೀವು ಒಬ್ಬರೇ. ಅವನು ಹಾಗೆ ಮಾಡುತ್ತಾನೆ ಎಂದಲ್ಲ. ಅಣ್ಣ ತಮ್ಮಂದಿರ ನಡುವೆ ಕಾಗದ ಯಾಕೆ ಎಂದು ಬಿಟ್ಟುಬಿಡುತ್ತಾರೆ, ಕಾಗದ ಇದ್ದರೆ ಸಂಬಂಧ ಚೆನ್ನಾಗಿರುತ್ತದೆ ಎನ್ನುವುದು ನನ್ನ ಅನುಭವ.

‘ಸಮಾನರ ವಿಲೀನ’ ಎನ್ನುವ ಮಾತನ್ನು ನಾನು ಕೇಳಿದಾಗೆಲ್ಲ ಡೈಮ್ಲರ್–ಕ್ರೈಸ್ಲರ್ ನೆನಪಾಗುತ್ತದೆ. ಜರ್ಮನಿಯ ಮತ್ತು ಅಮೆರಿಕದ ಈ ಎರಡು ಕಾರು ಕಂಪನಿಗಳದ್ದು 1998ರಲ್ಲಿ ಸುಮಾರು 36 ಬಿಲಿಯನ್ ಡಾಲರಿನ ವ್ಯವಹಾರ. ಆಗ ಹೇಳಿದ್ದೂ ಸಮಾನರು ಎಂದೇ. ಎರಡೇ ವರ್ಷಕ್ಕೆ ಡೈಮ್ಲರ್ ಮುಖ್ಯಸ್ಥರು ಕ್ರೈಸ್ಲರ್ ಒಂದು ವಿಭಾಗವಾಗಿರಬೇಕು ಎನ್ನುವುದೇ ತಮ್ಮ ಮೊದಲಿನ ಉದ್ದೇಶ ಎಂದು ಪತ್ರಿಕೆಗೆ ಹೇಳಿದರು. 2007ರಲ್ಲಿ ಕ್ರೈಸ್ಲರ್‌ನ ಶೇ. 80.1 ಪಾಲನ್ನು 7.4 ಬಿಲಿಯನ್‌ಗೆ ಸೆರ್ಬರಸ್ ಎಂಬ ಹೂಡಿಕೆ ಸಂಸ್ಥೆಗೆ ಕೊಟ್ಟು ಕೈತೊಳೆದುಕೊಂಡರು. ಅಷ್ಟು ವಕೀಲರು, ಅಷ್ಟು ಸಲಹೆಗಾರರು ಇದ್ದವರ ಕಥೆಯೇ ಹೀಗೆ. ಸಮಾನರು ಎಂದರೆ ಪತ್ರದಲ್ಲಿ ಸಮಾನ ಓಟು ಬರೆದಿರಬೇಕು. ಬರೆದಿಲ್ಲ ಎಂದರೆ ಅದು ಖರೀದಿ. ಖರೀದಿ ಆದರೆ ತಪ್ಪಿಲ್ಲ, ಆದರೆ ಖರೀದಿಯ ಬೆಲೆ ಕೊಡಲಿ, ನಗದಿನಲ್ಲಿ ಕೊಡಲಿ.

ಗ್ರಾಹಕನ ಕಡೆಯಿಂದಲೂ ಒಮ್ಮೆ ಯೋಚಿಸಿ. ಆ ಶೇ. 55ರ ಗ್ರಾಹಕ ಅವರಿಂದಲೂ ಕೊಳ್ಳುತ್ತಾನಾ? ಪತ್ರದಲ್ಲಿ ನೀವು ಬರೆದಿಲ್ಲ. ಕೊಳ್ಳುತ್ತಿದ್ದರೆ ಎಚ್ಚರ. ದೊಡ್ಡ ಕಂಪನಿಗಳ ಖರೀದಿ ವಿಭಾಗ ಒಂದೇ ಕಡೆ ಎಲ್ಲ ಕೆಲಸ ಕೊಡಲು ಹೆದರುತ್ತದೆ. ಇವತ್ತು ಇಬ್ಬರಿಗೆ ಹಂಚಿದ್ದನ್ನು ನೀವು ಒಂದಾದ ಮೇಲೆ ಮೂರನೆಯವನಿಗೆ ಸ್ವಲ್ಪ ಕೊಡುತ್ತಾನೆ. ಒಂದಕ್ಕೆ ಒಂದು ಸೇರಿ ಎರಡಕ್ಕಿಂತ ಕಡಿಮೆಯಾಗುವುದು ಹೀಗೆ. ಅವರು ನಿಮ್ಮ ಗ್ರಾಹಕನ ಎದುರಾಳಿಗೆ ಮಾಲು ಕೊಡುತ್ತಿದ್ದರೆ ಇನ್ನೂ ಕಷ್ಟ. ಗ್ರಾಹಕನ ಜೊತೆಗಿನ ಒಪ್ಪಂದದಲ್ಲಿ ಮಾಲೀಕತ್ವ ಬದಲಾದರೆ ರದ್ದು ಮಾಡುವ ಹಕ್ಕು ಅವನಿಗಿದೆಯೇ ನೋಡಿ. ಇರುವುದೇ ಜಾಸ್ತಿ.

ಹಾಗಾದರೆ ವಿಲೀನ ಯಾವತ್ತೂ ಬೇಡವೇ? ಹಾಗಲ್ಲ. ನಿಮ್ಮ ವಸ್ತುವೇ ಬೇಡವಾಗುವ ಕಾಲ ಬಂದರೆ ನಾನೇ ಬೇಗ ಮಾಡಿ ಎನ್ನುತ್ತೇನೆ. ಎಂಜಿನ್‌ಗೆ ಮಾತ್ರ ಬೇಕಾದ ಪಿಸ್ಟನ್ ಪಿನ್, ವಾಲ್ವ್ ಗೈಡ್ ಮಾಡುವವರಿಗೆ ವಿದ್ಯುತ್ ವಾಹನ ಬಂದಾಗ ಆ ಪ್ರಶ್ನೆ ಎದುರಾಗಿದೆ. ಅವರು ಕಾದಷ್ಟೂ ಬೆಲೆ ಇಳಿಯುತ್ತದೆ. ಗ್ರಾಹಕ ಇನ್ನು ಮುಂದೆ ಬಿಡಿಭಾಗ ಬೇಡ, ಜೋಡಿಸಿದ ಪೂರ್ತಿ ಘಟಕವೇ ಬೇಕು ಎಂದರೂ ಅಷ್ಟೇ. ಆಗ ಶಾಫ್ಟ್ ಮಾಡುವ ನೀವು, ಹೌಸಿಂಗ್ ಮಾಡುವ ಅವರು ಒಂದಾಗುವುದರಲ್ಲಿ ನಿಜವಾದ ಅರ್ಥವಿದೆ. ನಿಮ್ಮ ಪತ್ರದಲ್ಲಿ ನನಗೆ ಕಂಡ ಒಂದೇ ಒಳ್ಳೆಯ ಕಾರಣವೂ ಇದೇ. ಗ್ರಾಹಕನ ಖರೀದಿ ಮುಖ್ಯಸ್ಥರನ್ನು ನೇರವಾಗಿ ಕೇಳಿ: ಎರಡು ವರ್ಷದಲ್ಲಿ ನಿಮಗೆ ಮಾಲು ಕೊಡುವವರ ಸಂಖ್ಯೆ ಇಳಿಸುತ್ತೀರಾ? ಜೋಡಿಸಿದ ಘಟಕ ಕೇಳುತ್ತೀರಾ? ಹೌದು ಎಂದರೆ ನನ್ನ ಈ ಉತ್ತರದ ಅರ್ಧ ಬದಲಾಗುತ್ತದೆ.

ಇನ್ನೊಂದು ಕಾರಣ ವಯಸ್ಸು. ನಿಮಗೆ 52. ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ನೀವು ಬರೆದಿಲ್ಲ. ತಮ್ಮನಿಗೆ ವಿಲೀನ ಬೇಕೆನಿಸಿರುವುದು ಸುಸ್ತಿನಿಂದಲೋ, ಲೆಕ್ಕದಿಂದಲೋ? ಕೂತು ಕೇಳಿ. ಅವನಿಗೆ ಹೊರಗೆ ಹೋಗಬೇಕೆಂದಿದ್ದರೆ ಅದಕ್ಕೆ ಕಂಪನಿಯನ್ನೇ ವಿಲೀನ ಮಾಡಬೇಕಿಲ್ಲ. ನೀವು ಅವನ ಪಾಲನ್ನು ಐದು ವರ್ಷದ ಕಂತಿನಲ್ಲಿ ಕೊಳ್ಳಬಹುದು. ಇಬ್ಬರಿಗೂ ಹತ್ತು ವರ್ಷದೊಳಗೆ ಬಿಡುವ ಮನಸ್ಸಿದ್ದರೆ ಮಾರಾಟಕ್ಕೆ ತಯಾರಿ ಈಗಲೇ ಶುರುವಾಗಬೇಕು, ಮತ್ತು ಆ ತಯಾರಿ ಎಂದರೆ ಮೇಲೆ ಹೇಳಿದ್ದೇ: ಗ್ರಾಹಕರ ಸಂಖ್ಯೆ ಹೆಚ್ಚಿಸುವುದು, ದುಡ್ಡಿನ ದಿನ ಇಳಿಸುವುದು, ತಲೆಯಲ್ಲಿರುವುದನ್ನು ಕಾಗದಕ್ಕೆ ತರುವುದು. ಆ 55 ಇಳಿದು 35 ಆದರೆ ಕೊಳ್ಳುವವನು ನಾಲ್ಕು ಪಟ್ಟಿನ ಮಾತು ಬಿಟ್ಟು ಐದಕ್ಕೆ ಬರುತ್ತಾನೆ.

ಸಣ್ಣದಾಗಿಯೇ ಇದ್ದು ಗಟ್ಟಿಯಾಗಿ ಬೆಳೆಯುವುದು ಅಪರೂಪವೇನಲ್ಲ. ಜರ್ಮನಿಯ ಉದ್ಯಮ ತಜ್ಞ ಹರ್ಮನ್ ಸೈಮನ್ ಅಂಥ ಕಂಪನಿಗಳನ್ನೇ ದಶಕಗಳ ಕಾಲ ಅಧ್ಯಯನ ಮಾಡಿದರು. ಅವರು ಕಂಡದ್ದು: ಒಂದು ಸಣ್ಣ ವಸ್ತುವಿನಲ್ಲಿ ಆಳಕ್ಕೆ ಇಳಿದವರು, ಅದನ್ನೇ ಹಲವು ದೇಶಗಳಿಗೆ ಮಾರಿದವರು. ಇಟಲಿಯ ಎಮಿಲಿಯಾ-ರೊಮಾನ್ಯ ಪ್ರದೇಶದಲ್ಲಿ ಸಣ್ಣ ಕಾರ್ಖಾನೆಗಳು ಬೇರೆ ಬೇರೆಯಾಗಿಯೇ ಇದ್ದು ಕೆಲಸ ಹಂಚಿಕೊಂಡು ದೊಡ್ಡ ಆರ್ಡರ್ ಮುಗಿಸುವುದಕ್ಕೆ ಹೆಸರುವಾಸಿ. ನೀವು ಮತ್ತು ಆ ಕಂಪನಿ ಹಾಗೆ ಇರಲು ಅಡ್ಡಿ ಏನು?

ಅವರಿಗೆ ಇದನ್ನೇ ಹೇಳಿ. ಈಗಲೇ ಒಂದಾಗುವುದು ಬೇಡ, ಒಂದು ವರ್ಷ ಜೊತೆಯಾಗಿ ಕೆಲಸ ಮಾಡಿ ನೋಡೋಣ. ಉಕ್ಕನ್ನು ಜಂಟಿಯಾಗಿ ಕೊಳ್ಳೋಣ. ನಮ್ಮ ಹೆಚ್ಚುವರಿ ಆರ್ಡರನ್ನು ನಿಮ್ಮ ಖಾಲಿ ಯಂತ್ರದಲ್ಲಿ ಜಾಬ್ ವರ್ಕ್ ದರಕ್ಕೆ ಮಾಡಿಕೊಡಿ. ಒಂದು ಜೋಡಿಸಿದ ಘಟಕಕ್ಕೆ ಇಬ್ಬರೂ ಸೇರಿ ಕೊಟೇಶನ್ ಹಾಕೋಣ. ಅವರು ಹೊತ್ತಿಗೆ ಸರಿಯಾಗಿ ಮಾಲು ಕೊಡುತ್ತಾರಾ, ರಿಜೆಕ್ಷನ್ ಬಂದಾಗ ಯಾರ ತಪ್ಪು ಎಂದು ಹೇಗೆ ಮಾತಾಡುತ್ತಾರೆ, ದುಡ್ಡು ಯಾವಾಗ ಕೊಡುತ್ತಾರೆ, ಒಂದು ವರ್ಷದಲ್ಲಿ ಎಲ್ಲ ಗೊತ್ತಾಗುತ್ತದೆ. ನಿಜವಾಗಿ ನಿಮ್ಮನ್ನು ಬಯಸುವವರಾದರೆ ಒಪ್ಪುತ್ತಾರೆ. ಬೇಗ ಸಹಿ ಮಾಡಿ ಎಂದು ಒತ್ತಾಯಿಸಿದರೆ ಅವರ ಬ್ಯಾಂಕಿನ ಕಂತಿನ ದಿನ ಹತ್ತಿರ ಬಂದಿದೆ ಎಂದುಕೊಳ್ಳಿ.

ಎಷ್ಟೇ ಸ್ನೇಹ ಇದ್ದರೂ ಅವರು ನಿಮ್ಮ ಎದುರಾಳಿ. ಯಾವ ಭಾಗಕ್ಕೆ ಗ್ರಾಹಕನಿಂದ ಎಷ್ಟು ದರ ತೆಗೆದುಕೊಳ್ಳುತ್ತೀರಿ, ಖರ್ಚು ಎಷ್ಟು ಎಂಬ ಪಟ್ಟಿಯನ್ನು ಅವರ ಕೈಗೆ ಕೊಡಬೇಡಿ. ಕೊಡಲೇಬೇಕಾದ ಹಂತ ಬಂದರೆ ಎರಡೂ ಕಡೆಗೆ ಸೇರದ ಲೆಕ್ಕಪರಿಶೋಧಕರು ನೋಡಲಿ, ಒಟ್ಟು ಮೊತ್ತ ಮಾತ್ರ ಹೇಳಲಿ. ಮಾತು ಮುರಿದುಬಿದ್ದ ಮೇಲೆ ನಿಮ್ಮ ದರ ತಿಳಿದ ಎದುರಾಳಿಯ ಜೊತೆ ಬದುಕುವುದು ಕಷ್ಟ. ಹಲವು ದೇಶಗಳಲ್ಲಿ ಎದುರಾಳಿಗಳು ಹೀಗೆ ದರ ಹಂಚಿಕೊಳ್ಳುವುದು ಸ್ಪರ್ಧಾ ಕಾನೂನಿಗೂ ವಿರುದ್ಧ.

ಕೊನೆಯದಾಗಿ ಅವರ ಕರಡು ಪತ್ರ. ಅದರಲ್ಲಿ ಎರಡು ಕಲಂ ಬಗ್ಗೆ ನಿಮ್ಮ ವಕೀಲರ ಜೊತೆ ಈ ವಾರವೇ ಮಾತಾಡಿ. ನಾಲ್ಕನೆಯದು ಮುಂದಿನ 180 ದಿನ ನೀವು ಬೇರೆ ಯಾರ ಜೊತೆಗೂ ಮಾತಾಡಬಾರದು, ಹೊಸ ಸಾಲವನ್ನೂ ಮಾಡಬಾರದು ಎನ್ನುತ್ತದೆ. ಆರ್ಡರ್ ಕೈಯಲ್ಲಿರುವ ಹೊತ್ತಿನಲ್ಲಿ ಆರು ತಿಂಗಳು ಕೈಕಾಲು ಕಟ್ಟಿಸಿಕೊಳ್ಳಬೇಡಿ. ಏಳನೆಯದರಲ್ಲಿ ಎರಡೂ ಕಂಪನಿಗಳ ಸಾಲ ಹೊಸ ಕಂಪನಿಗೆ ಹೋಗುತ್ತದೆ ಎಂದಿದೆ, ಆದರೆ ನೀವಿಬ್ಬರೂ ಬ್ಯಾಂಕಿಗೆ ಕೊಟ್ಟಿರುವ ವೈಯಕ್ತಿಕ ಜಾಮೀನಿನ ಮಾತೇ ಇಲ್ಲ. ಅದು ಹಾಗೇ ಉಳಿದರೆ ಶೇ. 30 ಪಾಲಿನ ಕಂಪನಿಗೆ ನಿಮ್ಮ ಮನೆ ಪೂರ್ತಿ ಅಡವಿದ್ದಂತೆ. ಬ್ಯಾಂಕ್ ಲಿಖಿತವಾಗಿ ಜಾಮೀನು ಬಿಡುಗಡೆ ಮಾಡುವವರೆಗೆ, ಒಂದು ವರ್ಷದ ನಂತರವೇ ಆಗಲಿ, ಯಾವ ವಿಲೀನ ಪತ್ರಕ್ಕೂ ನಿಮ್ಮಿಬ್ಬರ ಸಹಿ ಬೀಳಬಾರದು.